ಕುಂಟುವುದು ಕಾಲು, ರೋಗ ಇನ್ನೆಲ್ಲೋ

ಪ್ರಶ್ನೆ: ನಮ್ಮ ಕಾಳುವಿಗೆ ನಾಲ್ಕು ವರ್ಷ. ತೋಟ, ಬೆಟ್ಟ ಎಲ್ಲ ತಿರುಗುವ ನಾಯಿ. ಕಳೆದ ವಾರ ಮುಂದಿನ ಬಲಗಾಲು ಕುಂಟುತ್ತಿತ್ತು. ಅದು ಸರಿಹೋಯಿತು ಎನ್ನುವಷ್ಟರಲ್ಲಿ ಹಿಂದಿನ ಎಡಗಾಲು ಊರುತ್ತಿಲ್ಲ. ಉಳುಕಿರಬೇಕೆಂದು ಎಣ್ಣೆ ತಿಕ್ಕಿದೆವು, ಅಪ್ಪನ ಸೊಂಟನೋವಿನ ಮಾತ್ರೆ ಅರ್ಧರ್ಧ ಕೊಟ್ಟೆವು. ಈಗ ಊಟ ಬಿಟ್ಟಿದೆ, ಕಪ್ಪಗೆ ಭೇದಿಯಾಗುತ್ತಿದೆ.
— ಓದುಗರು, ಶಿರಸಿ ತಾಲ್ಲೂಕು

ಉತ್ತರ: ಮೊದಲು ಆ ಮಾತ್ರೆ ನಿಲ್ಲಿಸಿ. ಕಪ್ಪು ಭೇದಿಯೆಂದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು. ಇವತ್ತೇ ಪಶು ಆಸ್ಪತ್ರೆಗೆ ಒಯ್ಯಿರಿ, ಮಾತ್ರೆಯ ಹಾಳೆಯನ್ನೂ ತೆಗೆದುಕೊಂಡು ಹೋಗಿ.

‘ಮನುಷ್ಯರಿಗೆ ಆಗುವುದು ನಾಯಿಗೂ ಆಗುತ್ತದೆ, ಅರ್ಧ ಕೊಟ್ಟರೆ ಸಾಕು’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ನಾಯಿಯ ಜಠರದಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಹೆಚ್ಚಾದರೆ ಯಕೃತ್ತಿಗೆ ಪೆಟ್ಟು. ಅರ್ಧ ಮಾಡಿದ ಮಾತ್ರಕ್ಕೆ ವಿಷ ಔಷಧವಾಗುವುದಿಲ್ಲ.

ಮುಳ್ಳು ಚುಚ್ಚಿದ್ದು, ಉಗುರು ಮುರಿದದ್ದು ನಿಮ್ಮ ಕಣ್ಣಿಗೇ ಬೀಳುತ್ತದೆ. ಆದರೆ ನೋವು ಒಂದು ಕಾಲಿನಿಂದ ಇನ್ನೊಂದಕ್ಕೆ ಹೋದರೆ ನನ್ನ ಅನುಮಾನ ಉಣುಗು ಜ್ವರದ ಮೇಲೆ. ಉಣುಗು ಕಚ್ಚಿದಾಗ ಎರ್ಲೀಕಿಯಾ, ಬಬೇಸಿಯಾದಂಥ ಸೂಕ್ಷ್ಮಜೀವಿಗಳು ರಕ್ತ ಸೇರುತ್ತವೆ. ಎರ್ಲೀಕಿಯಾ ಆದರೆ ಕೀಲು ನೋಯುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ. ಅದರ ಮೇಲೆ ನೋವಿನ ಮಾತ್ರೆ ಬಿದ್ದರೆ ರಕ್ತಸ್ರಾವ ನಿಲ್ಲುವುದೇ ಕಷ್ಟ. ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಲೇಪಿಸಿ ನೋಡಲು ಹೇಳಿ. ಜೊತೆಗೆ ಪ್ಲೇಟ್‌ಲೆಟ್ ಎಣಿಕೆ ಮತ್ತು ಮೂತ್ರಪಿಂಡದ ಪರೀಕ್ಷೆ ಬೇಕು. ಲೇಪನದಲ್ಲಿ ಏನೂ ಕಾಣಲಿಲ್ಲವೆಂದರೆ ರೋಗವಿಲ್ಲವೆಂದಲ್ಲ. ಎರ್ಲೀಕಿಯಾಕ್ಕೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ ಕೊಡಬೇಕು. ನಾಲ್ಕನೇ ದಿನ ನಾಯಿ ಬಾಲ ಅಲ್ಲಾಡಿಸಿತೆಂದು ಔಷಧ ಬಿಡಬೇಡಿ.

ಪ್ರಶ್ನೆ: ನಾಯಿಯ ಉಣುಗಿನಿಂದ ನಮಗೆ ಮಂಗನ ಕಾಯಿಲೆ ಬರುತ್ತದೆಯೇ?
— ಸಿದ್ದಾಪುರ

ಉತ್ತರ: 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆ ಮುಖ್ಯವಾಗಿ ಕಾಡಿನ ಉಣುಗಿನಿಂದ ಹರಡುತ್ತದೆ. ನಾಯಿಯ ಕಿವಿಯಲ್ಲಿ ತುಂಬಿಕೊಳ್ಳುವ ಕಂದು ಉಣುಗು ಬೇರೆ ಜಾತಿ. ಆದರೂ ದರಕು (ಒಣ ಎಲೆ) ತರಲು ಕಾಡಿಗೆ ಹೋದಾಗ ಹಿಂದೆ ಬರುವ ನಾಯಿ ಕಾಡಿನ ಉಣುಗನ್ನೂ ಮನೆಗೆ ಹೊತ್ತು ತರಬಲ್ಲದು. ಡಿಸೆಂಬರ್‌ನಿಂದ ಮೇವರೆಗೆ ಅದನ್ನು ಮನೆಯಲ್ಲೇ ಕಟ್ಟಿ. ಉಣುಗನ್ನು ಬೆರಳಲ್ಲಿ ಹೊಸಕಬೇಡಿ. ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳಲು ನಿಮಗೆಂದು ಕೊಟ್ಟ ಡೆಪಾ ತೈಲವನ್ನು ನಾಯಿಗೆ ಬಳಿಯಬೇಡಿ, ಅದು ನೆಕ್ಕುತ್ತದೆ. ಮನೆಯಲ್ಲಿ ಯಾರಿಗೇ ಜ್ವರ ಬಂದರೂ ರಕ್ತಪರೀಕ್ಷೆ ಮಾಡಿಸಿ.

ಪ್ರಶ್ನೆ: ನಾಲ್ಕು ತಿಂಗಳ ಜರ್ಮನ್ ಶೆಫರ್ಡ್ ಮರಿ. ಮುಂಗಾಲು ಬಿಲ್ಲಿನಂತೆ ಬಾಗಿದೆ, ನಡೆಯಲು ಅಳುತ್ತದೆ. ಊಟ ಅನ್ನ, ಮಜ್ಜಿಗೆ, ಉಳಿದ ದೋಸೆ.
— ಯಲ್ಲಾಪುರ

ಉತ್ತರ: ಪಾಪದ ಮರಿ. ದಿನಕ್ಕೊಂದಿಷ್ಟು ಬೆಳೆಯುವ ಎಲುಬಿಗೆ ಅನ್ನ ಸಾಲದು. ಮಾಂಸ ಬೇಯಿಸದ ಮನೆಯಾದರೂ ಚಿಂತೆಯಿಲ್ಲ, ದೊಡ್ಡ ತಳಿಯ ಮರಿಗಳಿಗೆಂದೇ ತಯಾರಿಸಿದ ಆಹಾರ ಅಂಗಡಿಯಲ್ಲಿ ಸಿಗುತ್ತದೆ. ಕ್ಯಾಲ್ಸಿಯಂ ಪುಡಿಯನ್ನು ಮಾತ್ರ ನಿಮ್ಮಷ್ಟಕ್ಕೆ ಸುರಿಯಬೇಡಿ, ಹೆಚ್ಚಾದರೂ ಎಲುಬು ಕೆಡುತ್ತದೆ. ಮೊದಲು ಎಕ್ಸ್‌ರೇ. ಅಲ್ಲಿಯವರೆಗೆ ಮೆಟ್ಟಿಲು ಹತ್ತಿಸಬೇಡಿ, ಜಾರುವ ಟೈಲ್ಸ್ ಮೇಲೆ ಗೋಣಿಚೀಲ ಹಾಸಿ, ಕಾಲು ನೀವಬೇಡಿ.

ಪ್ರಶ್ನೆ: ಅಂಗಳಕ್ಕೆ ಬರುವ ಬೀದಿನಾಯಿಗೆ ದಿನವೂ ಅನ್ನ ಹಾಕುತ್ತೇವೆ. ಮೊನ್ನೆಯಿಂದ ಹಿಂಗಾಲು ಎಳೆಯುತ್ತಿದೆ, ಬಾಯಿ ಜೋತುಬಿದ್ದು ಜೊಲ್ಲು ಸುರಿಯುತ್ತಿದೆ. ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ಮಗ ಕೈಹಾಕಿ ನೋಡಿದ. ಅದು ಯಾರನ್ನೂ ಕಚ್ಚಿಲ್ಲ.
— ಶಿರಸಿ

ಉತ್ತರ: ಇದನ್ನು ಓದಿದ ಕೂಡಲೇ ಮಗನನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ಹುಚ್ಚು ಹಿಡಿದ ನಾಯಿಯೆಲ್ಲ ಓಡಿಬಂದು ಕಚ್ಚುತ್ತದೆಂಬುದು ತಪ್ಪು. ಮೂಕ ರೇಬೀಸ್‌ನಲ್ಲಿ ನಾಯಿ ಸುಮ್ಮನೆ ಮೂಲೆ ಸೇರುತ್ತದೆ, ದವಡೆ ಸೋಲುತ್ತದೆ, ಕಾಲು ಬೀಳುತ್ತದೆ. ಬೆರಳಿನ ಗೀರಿಗೆ ಜೊಲ್ಲು ತಾಗಿದರೂ ಸಾಕು. ಕೈಯನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಲಿ. ಸೋಪಿನ ಬದಲು ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯರಿಗೂ ಉಳಿವಿಲ್ಲ. ಅದಕ್ಕೆ ಮೊದಲೇ ಹಾಕಿಸಿದ ಚುಚ್ಚುಮದ್ದು ಕಾಪಾಡುತ್ತದೆ. ಇಮ್ಯುನೊಗ್ಲೋಬ್ಯುಲಿನ್ ಬೇಕೇ ಎಂದೂ ವೈದ್ಯರನ್ನು ಕೇಳಿ, ಒಂದು ಡೋಸ್ ಕೂಡ ತಪ್ಪಿಸಬೇಡಿ.

ನಾಯಿಯ ಹತ್ತಿರ ಯಾರೂ ಹೋಗಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. ಸತ್ತರೆ ನೀವೇ ಹೂಳಬೇಡಿ. ಮೆದುಳಿನ ಮಾದರಿಯನ್ನು ಪರೀಕ್ಷಿಸುವ ರೇಬೀಸ್ ಪ್ರಯೋಗಾಲಯ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿದೆ. ಆ ವರದಿ ಬರಲೆಂದು ಮಗನ ಚುಚ್ಚುಮದ್ದನ್ನು ಒಂದು ದಿನವೂ ಮುಂದೂಡಬೇಡಿ.