ಪಡ್ರೆಯ ತೋಡಿನಿಂದ ಜಿನೀವಾ ಸಭೆಯವರೆಗೆ



ರಾಷ್ಟ್ರ ರಾಷ್ಟ್ರಗಳ ಸಹಕಾರ, ವಿಶ್ವಶಾಂತಿ ಎಂಬ ಮಾತುಗಳು ಭಾಷಣಗಳಲ್ಲಿ ಧಾರಾಳವಾಗಿ ಬರುತ್ತವೆ. ನಮ್ಮ ಯುವಕ ಯುವತಿಯರು ಅವನ್ನು ಕೇಳಿ, “ಇದು ದೆಹಲಿಯವರ ಕೆಲಸ, ತೋಟ, ಅಂಗಡಿ ನೋಡಿಕೊಳ್ಳುವ ನಮಗೇನು?” ಎಂದುಕೊಳ್ಳುವುದು ಸಹಜ. ಆದರೆ ನಮ್ಮ ಕಾಸರಗೋಡು ಜಿಲ್ಲೆಯದೇ ಒಂದು ಹಳ್ಳಿಯ ಸಂಕಟವು ಜಗತ್ತಿನ ರಾಷ್ಟ್ರಗಳು ಕೂಡಿದ ಸಭೆಯ ತೀರ್ಮಾನಕ್ಕೆ ಬಲ ಕೊಟ್ಟಿದೆ. ಈ ಸಂಚಿಕೆಯ ಪಾಠಕ್ಕೆ ಅದನ್ನೇ ಆರಿಸಿಕೊಂಡಿದ್ದೇನೆ.

ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳು ನಮ್ಮ ಗುಡ್ಡಗಳಲ್ಲಿ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಮೇಲೆ ಹಬ್ಬಿದ್ದವು. ಗೇರಿನ ಚಿಗುರು, ಹೂವು ಕೆಡಿಸುವ ಟೀ ಸೊಳ್ಳೆಯನ್ನು ಕೊಲ್ಲಲೆಂದು 1970ರ ದಶಕದ ಕೊನೆಯಿಂದ 2000ದ ವರೆಗೆ ಅಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗುಡ್ಡದ ತಲೆಯಲ್ಲಿ ಗೇರು. ಕೆಳಗೆ ಮನೆ, ಅಡಿಕೆ ತೋಟ, ಬಾವಿ, ಸುರಂಗ, ತೋಡು. ಮೇಲೆ ಬಿದ್ದದ್ದು ಮಳೆಗೆ ಕೆಳಗಿಳಿಯದೆ ಇದ್ದೀತೆ? ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಅಂಗವೈಕಲ್ಯದ ಮಕ್ಕಳು, ಬುದ್ಧಿಮಾಂದ್ಯರು, ಅಪಸ್ಮಾರದವರು ಒಂದೇ ಕಡೆ ಇಷ್ಟು ಮಂದಿ ಏಕೆ ಎಂಬ ಪ್ರಶ್ನೆ ಎದ್ದಿತು.

ಪ್ರಶ್ನೆ ಎತ್ತಿದವರು ಯಾರು? ಪಡ್ರೆಯವರೇ ಆದ ಕೃಷಿಕ ಪತ್ರಕರ್ತ ಶ್ರೀ ಪಡ್ರೆ, ಹುಟ್ಟುವಾಗಲೇ ವಿಕಾರಗೊಂಡಿದ್ದ ಕರುಗಳನ್ನು ಕಂಡು ಬಹಳ ಮೊದಲೇ ಬರೆದರು. ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್, ತಮ್ಮಲ್ಲಿಗೆ ಬರುವ ರೋಗಿಗಳ ಮನೆಗಳು ಎಲ್ಲಿವೆ ಎಂಬುದನ್ನು ಗುರುತಿಸಿಟ್ಟರು. ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅನಂತರ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಬಂದು ಪಡ್ರೆಯ 117 ಬಾಲಕರನ್ನು, ಸಿಂಪಡಣೆಯಿಲ್ಲದ ದೂರದ ಹಳ್ಳಿಯ 90 ಬಾಲಕರೊಡನೆ ಹೋಲಿಸಿ ಪರೀಕ್ಷಿಸಿದರು. ಪಡ್ರೆಯ ಬಾಲಕರು ಪ್ರಾಯಕ್ಕೆ ಬರುವುದು ತಡವಾಗಿದೆ ಎಂಬ ವರದಿ 2003ರಲ್ಲಿ ವಿದೇಶದ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು.

ವಾಣಿಜ್ಯ ಓದಿದ ನನಗೆ ಇಲ್ಲಿ ಒಂದು ಮಾತು ಹೊಳೆಯುತ್ತದೆ. ವೋಚರ್ ಇಲ್ಲದ ಖರ್ಚು ಲೆಕ್ಕಕ್ಕೆ ಸೇರದು, ಸಂಕಟವೂ ಹಾಗೆಯೇ. ಪಡ್ರೆಯ ಜನ ಬರಿಯ ಕಣ್ಣೀರಿಟ್ಟಿದ್ದರೆ ಅದು ಊರ ಗಡಿ ದಾಟುತ್ತಿರಲಿಲ್ಲ. ಮನೆ, ವಯಸ್ಸು, ಕಾಯಿಲೆ, ನೀರಿನ ಮೂಲ ಇವು ಕಾಗದಕ್ಕೆ ಇಳಿದ ಮೇಲೆ ಅದು ಹೊರಗಿನವರು ಪರಿಶೀಲಿಸಬಹುದಾದ ಲೆಕ್ಕವಾಯಿತು. ಮತ್ತೊಂದು ವಿಷಯ: ಆ ಸಂಕಟ ಇದ್ದದ್ದು ಕನ್ನಡ, ತುಳುವಿನಲ್ಲಿ, ಕಚೇರಿ ಮಲಯಾಳದ್ದು, ಮೇಲಿನ ನ್ಯಾಯಾಲಯ ಇಂಗ್ಲಿಷಿನದು. ಯಾವುದೂ ಪೂರ್ತಿ ಬಾರದೆಂದು ನಮ್ಮ ಮಕ್ಕಳು ಹಿಂಜರಿಯುತ್ತಾರೆ. ಆದರೆ ನಾಲ್ಕು ಭಾಷೆ ಅರ್ಥವಾಗುವವರು ಇಲ್ಲದೆ ಇಂಥ ಕೆಲಸ ಒಂದು ಹೆಜ್ಜೆಯೂ ಮುಂದೆ ಹೋಗದು.

ಇನ್ನು ರಾಷ್ಟ್ರಗಳ ಸಭೆಯ ವಿಚಾರ. ಬೇಗ ಕರಗದೆ ಗಾಳಿ ನೀರುಗಳಲ್ಲಿ ದೇಶ ದಾಟಿ ಹೋಗುವ ವಿಷಗಳನ್ನು ನಿಲ್ಲಿಸಲು 2001ರಲ್ಲಿ ಸ್ಟಾಕ್‌ಹೋಮ್ ಒಪ್ಪಂದವಾಯಿತು. 2004ರಲ್ಲಿ ಜಾರಿಗೆ ಬಂದಿತು. ಎಂಡೋಸಲ್ಫಾನನ್ನು ಆ ಪಟ್ಟಿಗೆ ಸೇರಿಸಬೇಕೆಂದು 2007ರಲ್ಲಿ ಐರೋಪ್ಯ ಒಕ್ಕೂಟ ಸೂಚಿಸಿತು. ನಮ್ಮ ಕೇಂದ್ರ ಸರ್ಕಾರ ವಿರೋಧಿಸುತ್ತ ಬಂದಿತ್ತೆಂಬುದು ನೋವಿನ ಸಂಗತಿ. ಕೊನೆಗೆ 2011ರ ಏಪ್ರಿಲ್ 29ರಂದು ಜಿನೀವಾದಲ್ಲಿ, ಕೆಲವು ಬೆಳೆಗಳಿಗೆ ಕಾಲಮಿತಿಯ ವಿನಾಯಿತಿ ಇಟ್ಟು, ಭಾರತವೂ ಸೇರಿದಂತೆ ಎಲ್ಲರೂ ಒಪ್ಪಿದರು. ಎರಡೇ ವಾರದಲ್ಲಿ, ಮೇ 13ರಂದು, ನಮ್ಮ ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿ, ಮಾರಾಟ, ಬಳಕೆಗಳನ್ನು ತಡೆಯಿತು. ಆ ಅರ್ಜಿ ಹಾಕಿದ್ದು ಒಂದು ಯುವಜನ ಸಂಘಟನೆ, ಡಿ.ವೈ.ಎಫ್.ಐ. ಅವರ ಪಕ್ಷ ನಮಗೆ ಒಪ್ಪಿಗೆಯೋ ಅಲ್ಲವೋ, ಮಾಡಿದ ಕೆಲಸವನ್ನು ಒಪ್ಪಿಕೊಳ್ಳಬೇಕು.

ಗಡಿಯಾಚೆ ಕರ್ನಾಟಕದ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲೂ ಇದೇ ವಿಷವನ್ನು ಹೆಲಿಕಾಪ್ಟರಿನಿಂದಲೇ ಸುರಿದಿದ್ದರು. ಇದೇ ದುಃಖ ಅಲ್ಲಿಯೂ ಇದೆ.

ತೀರ್ಮಾನವಾದೊಡನೆ ಎಲ್ಲ ಮುಗಿಯಲಿಲ್ಲ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ನೋಡುವಾಗ, 3,704 ಮಂದಿಯಲ್ಲಿ ಹಣ ದೊರೆತದ್ದು ಮತ್ತೆ ಕೋರ್ಟಿಗೆ ಹೋದ 8 ಮಂದಿಗೆ ಮಾತ್ರ. ಅಂದರೆ ಪಟ್ಟಿಯಲ್ಲಿ ಹೆಸರಿದ್ದರಷ್ಟೇ ಸಾಲದು, ಅರ್ಜಿ ಹಿಡಿದು ಬೆನ್ನುಹತ್ತಿ ಓಡಾಡುವವರೂ ಬೇಕು. ಹಾಸಿಗೆ ಬಿಟ್ಟೇಳದ ಮಗುವಿನ ತಾಯಿ ಕಚೇರಿಗೆ ಹೇಗೆ ಅಲೆದಾಳು? ನಮ್ಮ ಹುಡುಗರಿಗೆ ದಾಸೋಹದ ಅವಕಾಶ ಇಲ್ಲಿಯೂ ಇದೆ.

ವ್ಯಾಪಾರಸ್ಥ ಬಂಧುಗಳ ಗಮನಕ್ಕೂ ಒಂದು ಸಂಗತಿ ಇದೆ. ಗೆದ್ದಲಿಗೆಂದು ನಮ್ಮಲ್ಲಿ ಬಹಳ ಮಂದಿ ಬಳಸುತ್ತ ಬಂದ ಕ್ಲೋರ್‌ಪೈರಿಫಾಸನ್ನು, ಕೆಲವು ವಿನಾಯಿತಿಗಳೊಡನೆ, 2025ರಲ್ಲಿ ಜಿನೀವಾದಲ್ಲೇ ಅದೇ ಒಪ್ಪಂದದ ಪಟ್ಟಿಗೆ ಸೇರಿಸುವ ತೀರ್ಮಾನವಾಗಿದೆ. ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಲಾಗದ ಹಿರಿಯರು ಅಂಗಡಿಯವನ ಮಾತನ್ನೇ ನಂಬುತ್ತಾರೆ. ಕಾಯಕದ ಶುದ್ಧಿ ಪರೀಕ್ಷೆಗೆ ಬರುವುದು ಅಲ್ಲಿಯೇ.

ಮುಂದಿನ ಶಿವಾನುಭವ ಗೋಷ್ಠಿಗೆ ಬರುವ ಯುವಕ ಯುವತಿಯರು ಒಂದು ನೋಟ್ ಪುಸ್ತಕ ತರಬೇಕು. ತಮ್ಮ ಮನೆಯಲ್ಲಿ ಅಥವಾ ಅಂಗಡಿಯಲ್ಲಿ ಈಗ ಇರುವ ಕೀಟನಾಶಕಗಳ ಹೆಸರು, ಎಷ್ಟಿದೆ, ಯಾವ ಬೆಳೆಗೆ ಯಾವ ತಿಂಗಳಲ್ಲಿ ಬಳಸಿದ್ದು, ಹತ್ತಿರದ ಬಾವಿ ಅಥವಾ ತೋಡು ಎಷ್ಟು ದೂರದಲ್ಲಿದೆ, ಇಷ್ಟನ್ನು ಕನ್ನಡದಲ್ಲೇ ಬರೆದು ತಂದರೆ ಸಾಕು. ಮಲಯಾಳಕ್ಕೆ ಇಳಿಸುವ ಕೆಲಸವನ್ನು ಕೂಡಿ ಮಾಡೋಣ.