ಗಡಸು ನೀರಿನಲ್ಲಿ ಬಟ್ಟೆ ಒಗೆತ

ರಾಯಚೂರು ಜಿಲ್ಲೆ ಕೃಷ್ಣಾ ತುಂಗಭದ್ರೆಯರ ನಡುವೆ ಇದ್ದರೂ ಬೇಸಿಗೆಯಲ್ಲಿ ಕಾಲುವೆ ನಿಂತಿತೆಂದರೆ ಮಾನ್ವಿ, ದೇವದುರ್ಗದ ಅನೇಕ ಹಳ್ಳಿಗಳಿಗೆ ಕೊಳವೆ ಬಾವಿಯೇ ಗತಿ. ರಾಯಚೂರು ನಗರದಲ್ಲಿಯೂ ನಲ್ಲಿ ಬಾರದ ದಿನ ಹಲವು ಮನೆಗಳಲ್ಲಿ ಅದೇ ನೀರು. ಈ ನೀರು ಬಹಳ ಕಡೆ ಗಡಸು. ಅದರಲ್ಲಿ ಕರಗಿರುವ ಸುಣ್ಣ ಹಾಗೂ ಮೆಗ್ನೀಷಿಯಂ ಲವಣಗಳು ಸಾಬೂನಿನೊಂದಿಗೆ ಕೂಡಿ ಬಿಳಿ ಗಸಿಯಾಗುತ್ತವೆ. ನೊರೆ ಬರಲಿಲ್ಲವೆಂದು ಇನ್ನಷ್ಟು ಸಾಬೂನು ಉಜ್ಜುತ್ತೇವೆ. ಆ ಗಸಿ ಬಿಡಿಸಲು ಮತ್ತೆರಡು ಕೊಡ ನೀರು ಸುರಿಯುತ್ತೇವೆ.

ಆದ್ದರಿಂದ ಮೊದಲು ನೀರನ್ನು ಮೆದುಗೊಳಿಸಿರಿ. ಲೀಟರಿಗೆ 500 ಮಿಲಿಗ್ರಾಂ ಗಡಸುತನವಿರುವ 20 ಲೀಟರ್ ನೀರಿಗೆ ಸುಮಾರು 10 ಗ್ರಾಂ ಒಣ ಬಟ್ಟೆಸೋಡಾ, ಹರಳು ಸೋಡಾ ಆದರೆ ಸುಮಾರು 30 ಗ್ರಾಂ, ಕರಗಿಸಿ ಸ್ವಲ್ಪ ಹೊತ್ತು ಬಿಟ್ಟು ಅನಂತರ ಸಾಬೂನು ಹಚ್ಚಿರಿ. ಅಡುಗೆ ಸೋಡಾ ಇದಕ್ಕೆ ಸಲ್ಲದು. ರೇಷ್ಮೆ, ಉಣ್ಣೆ ಬಟ್ಟೆಗಳಿಗೆ ಬಟ್ಟೆಸೋಡಾ ಬೇಡ. ಮಳೆಗಾಲದಲ್ಲಿ ಮಾಳಿಗೆಯ ನೀರು ಹಿಡಿದಿಟ್ಟರೆ ಈ ಖರ್ಚೂ ಇಲ್ಲ.

ಹೆಚ್ಚು ನೀರು ಹೋಗುವುದು ಜಾಲಿಸುವಾಗ. ಇಲ್ಲಿ ಒಂದು ಸಣ್ಣ ಲೆಕ್ಕವಿದೆ. ಹಿಂಡಿದ ಬಟ್ಟೆಗಳಲ್ಲಿ 1 ಲೀಟರ್ ಸಾಬೂನು ನೀರು ಉಳಿದಿದೆಯೆನ್ನಿ. 20 ಲೀಟರಿನಲ್ಲಿ ಒಮ್ಮೆ ಜಾಲಿಸಿ ಹಿಂಡಿದರೆ ಅದರಲ್ಲಿದ್ದ ಸಾಬೂನಿನ 21ನೆಯ ಒಂದು ಪಾಲು ಉಳಿಯುತ್ತದೆ. 6 ಲೀಟರಿನಂತೆ ಎರಡು ಸಲ, ನಡುವೆ ಚೆನ್ನಾಗಿ ಹಿಂಡಿ ಜಾಲಿಸಿದರೆ ಉಳಿಯುವುದು 49ನೆಯ ಒಂದು ಪಾಲು ಮಾತ್ರ. ನೀರು 12 ಲೀಟರೇ ಸಾಕಾಯಿತು! ಆದರೆ ಸರಿಯಾಗಿ ಹಿಂಡದೆ ಪ್ರತಿಸಲವೂ 3 ಲೀಟರ್ ಉಳಿಸಿದರೆ ಅದೇ 12 ಲೀಟರಿನಿಂದ 9ನೆಯ ಒಂದು ಪಾಲು ಉಳಿದುಬಿಡುತ್ತದೆ. ಉಳಿತಾಯವಿರುವುದು ಹಿಂಡುವ ಕೈಯಲ್ಲಿ. ಈ ಕೆಲಸವನ್ನು ಮನೆಯ ಗಂಡಸರೂ ಮಾಡಬಹುದು.

ಬಿಳಿ ಬಟ್ಟೆಗಳನ್ನು ಮೊದಲು ಒಗೆಯಿರಿ. ಅವುಗಳ ಎರಡನೆಯ ಜಾಲಿನ ನೀರು ಬಣ್ಣದ ಬಟ್ಟೆಗಳ ಮೊದಲನೆಯ ಜಾಲಿಗೆ ಆಗುತ್ತದೆ. ಸೋಡಾ, ಸಾಬೂನು ಬೆರೆತ ನೀರನ್ನು ಕರಿಬೇವಿನ ಗಿಡಕ್ಕೋ ಕಾಯಿಪಲ್ಲೆ ಮಡಿಗೋ ಹಾಕಬೇಡಿರಿ. ನಮ್ಮ ಎರೆಭೂಮಿಯಲ್ಲಿ ಸೋಡಿಯಂ ಸೇರಿದರೆ ಮಣ್ಣು ಬಿಗಿದು ನೀರು ಇಂಗದಂತಾಗುತ್ತದೆ. ಅದು ಬಚ್ಚಲು, ಪಾಯಖಾನೆ ತೊಳೆಯಲು ಸರಿ.

ಹತ್ತಿ, ಮೆಣಸಿನಕಾಯಿ ಹೊಲಕ್ಕೆ ಔಷಧ ಸಿಂಪಡಿಸಿ ಬಂದವರ ಬಟ್ಟೆಗೆ ಮಾತ್ರ ಈ ಉಳಿತಾಯ ಬೇಡ. ಅದನ್ನು ಮಕ್ಕಳ ಬಟ್ಟೆಯೊಡನೆ ನೆನೆಸದೆ, ಅಂದೇ ಪ್ರತ್ಯೇಕವಾಗಿ, ಕೈಗವಸು ಹಾಕಿಕೊಂಡು ಧಾರಾಳ ನೀರಿನಲ್ಲಿ ಒಗೆಯಿರಿ. ಆ ನೀರನ್ನು ಮತ್ತೆ ಯಾವುದಕ್ಕೂ ಬಳಸಬೇಡಿರಿ. ಕಾಲುವೆಗೆ, ಬಾವಿಯ ಹತ್ತಿರಕ್ಕೆ, ದನಗಳು ಕುಡಿಯುವ ಹೊಂಡಕ್ಕೆ ಹರಿಯಬಿಡಬೇಡಿರಿ.