ಅಂಗಾಂಶದ ವಿನ್ಯಾಸ ಮತ್ತು ರೋಗ: ಹಲ್ಲಿನ ನಿದರ್ಶನ

ಉದ್ದೇಶ: ಅಂಗಾಂಶದ ಗುಣವು ಅದರ ಘಟಕಗಳಿಂದ ಮಾತ್ರವಲ್ಲದೆ ಅವುಗಳ ಜೋಡಣೆಯಿಂದಲೂ ನಿರ್ಧಾರವಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಅರಿಯುವರು.

ವಿವರಣೆ: ಎನಾಮೆಲ್ ನಮ್ಮ ದೇಹದ ಅತ್ಯಂತ ಗಟ್ಟಿಯಾದ ಭಾಗ. ಕ್ಯಾಲ್ಸಿಯಂ ಫಾಸ್ಫೇಟಿನ ಸೂಕ್ಷ್ಮ ಹರಳುಗಳು ಒತ್ತೊತ್ತಾಗಿ ಜೋಡಣೆಗೊಂಡು ಈ ಗಟ್ಟಿತನವನ್ನು ನೀಡುತ್ತವೆ. ಇದನ್ನು ನಿರ್ಮಿಸುವ ಜೀವಕೋಶಗಳು ಹಲ್ಲು ಮೂಡುವ ವೇಳೆಗೆ ಅಳಿದುಹೋಗುವುದರಿಂದ, ರಚನೆಯಲ್ಲಿ ಉಳಿದ ಲೋಪವನ್ನು ದೇಹವು ಸರಿಪಡಿಸಲಾರದು.

ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಹಲವೆಡೆ ಶಿಲೆಗಳಿಂದ ಕರಗಿದ ಫ್ಲೋರೈಡ್ ಅಂತರ್ಜಲದಲ್ಲಿ ಅಧಿಕವಾಗಿದೆ. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ಬಾಲ್ಯದಲ್ಲಿ ಅಧಿಕ ಫ್ಲೋರೈಡ್ ದೇಹ ಸೇರಿದರೆ ಹರಳುಗಳ ನಡುವೆ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಅಲ್ಲಿ ಮೊದಲು ಬಿಳಿ ಮಚ್ಚೆ, ಅನಂತರ ಕಂದು ಕಲೆ ಕಾಣಿಸುತ್ತದೆ. ಇದೇ ದಂತ ಫ್ಲೋರೋಸಿಸ್. ಇಂತಹ ನೀರನ್ನು ಬಹುಕಾಲ ಕುಡಿದವರಲ್ಲಿ ಮೂಳೆಯ ವಿನ್ಯಾಸವೂ ಕೆಟ್ಟು, ಕೀಲುಗಳು ಬಿಗಿಯುತ್ತವೆ. ಈ ತೊಂದರೆಯ ನಿವಾರಣೆಗಾಗಿ ಎರಡೂ ಜಿಲ್ಲೆಗಳಿಗೆ ಕಾವೇರಿ ನೀರು ಒದಗಿಸುವ ಹೊಗೇನಕಲ್ ಯೋಜನೆ 2013ರಲ್ಲಿ ಉದ್ಘಾಟನೆಗೊಂಡಿತು.

ಚಟುವಟಿಕೆ: ಮಡಕೆಯ ಚೂರು ಮತ್ತು ನುಣುಪಾದ ಪಿಂಗಾಣಿ ಬಟ್ಟಲಿನ ಮೇಲೆ ಒಂದೊಂದು ಹನಿ ಶಾಯಿ ಹಾಕಿ, ಸ್ವಲ್ಪ ಹೊತ್ತಿನ ಬಳಿಕ ತೊಳೆಯಿಸಿರಿ. ಕಲೆ ಎಲ್ಲಿ ಉಳಿಯಿತು? ಏಕೆ?

ಶಿಕ್ಷಕರ ಗಮನಕ್ಕೆ: ಇಂತಹ ಕಲೆಯುಳ್ಳ ಮಗುವನ್ನು ಹಲ್ಲುಜ್ಜಿಲ್ಲವೆಂದು ತರಗತಿಯಲ್ಲಿ ಗದರಬಾರದು, ಉಜ್ಜಿದರೂ ಅದು ಹೋಗದು. ನೀರನ್ನು ಕುದಿಸಿದರೆ ಫ್ಲೋರೈಡ್ ನೀಗುವುದಿಲ್ಲ ಎಂಬುದನ್ನೂ ಪೋಷಕರಿಗೆ ತಿಳಿಸಿರಿ.

ಮೌಲ್ಯಮಾಪನ: ದೊಡ್ಡವರಾದ ಮೇಲೆ ಇಂತಹ ಊರಿಗೆ ಬಂದು ನೆಲೆಸಿದವರ ಹಲ್ಲುಗಳಲ್ಲಿ ಈ ಮಚ್ಚೆಗಳು ಏಕೆ ಉಂಟಾಗುವುದಿಲ್ಲ?